ಊರಿನ ಮದ್ಯದಂಗಡಿ ಯಾರ ಆಯ್ಕೆ? ಸರ್ಕಾರಕ್ಕೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ, ಅಬಕಾರಿ ಸಚಿವರಿಗೆ ಹಾಗೂ ಉಭಯ ಸದನಗಳ ಸದಸ್ಯರಿಗೆ,

ನಮಸ್ಕಾರಗಳು.

2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಶಾಸಕರೊಬ್ಬರು, ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುತ್ತೀರಿ, ಬಸ್ ಪ್ರಯಾಣ ಉಚಿತ ಮಾಡಿದ್ದೀರಿ, ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದು ಕೇಳಿದರು. ಅದೇ ಅಧಿವೇಶನದಲ್ಲಿ ಆಡಳಿತ ಪಕ್ಷದ ಹಿರಿಯ ಶಾಸಕರೊಬ್ಬರು ರಾಜ್ಯದಲ್ಲಿ ಪಾನನಿಷೇಧ ಜಾರಿಯಾಗಬೇಕು ಎಂದರು. ಎರಡೂ ಮಾತುಗಳನ್ನು ಪತ್ರಿಕೆಯಲ್ಲಿ ಓದಿದೆ. ನಮಗೆ ಪುಕ್ಕಟೆ ಬಾಟಲಿಯೂ ಬೇಡ, ಬೆಂಗಳೂರಿನಿಂದ ಒಂದೇ ಆದೇಶದಲ್ಲಿ ಬರುವ ಪಾನನಿಷೇಧವೂ ಬೇಡ. ನಮಗೆ ಏನು ಬೇಕು ಎಂಬುದನ್ನು ಸದನದಲ್ಲಿ ಯಾರೂ ಹೇಳಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. ಯಾರ ಕಂತು ಯಾವ ವಾರ ತಪ್ಪಿತು ಎಂಬುದು ಪುಸ್ತಕದಲ್ಲಿ ಇರುತ್ತದೆ. ಏಕೆ ತಪ್ಪಿತು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ, ಆದರೆ ನನಗೆ ಗೊತ್ತಿರುತ್ತದೆ. ಮಳೆ ಕೈಕೊಟ್ಟ ವರ್ಷ ಎಲ್ಲರ ಕಂತೂ ಒಟ್ಟಿಗೆ ತಪ್ಪುತ್ತದೆ. ಮನೆಯಲ್ಲಿ ಕಾಯಿಲೆ ಬಿದ್ದರೆ ಒಂದೆರಡು ತಿಂಗಳು ತಪ್ಪಿ ಮತ್ತೆ ಸರಿಹೋಗುತ್ತದೆ. ಕುಡಿತದ ಮನೆಯ ಕಂತು ಹಾಗಲ್ಲ. ಒಂದು ವಾರ ಪೂರ್ತಿ ಬರುತ್ತದೆ, ಮರುವಾರ ಅರ್ಧ, ಆಮೇಲೆ ಹೆಂಡತಿ ಸಭೆಗೇ ಬರುವುದನ್ನು ಬಿಡುತ್ತಾಳೆ. ಈಚಿನ ವರ್ಷಗಳಲ್ಲಿ ಇದೇ ಚಹರೆಯ ಇನ್ನೊಂದು ಬಗೆ ಸೇರಿಕೊಂಡಿದೆ. ಕುಡಿಯದ, ಬೀಡಿ ಸೇದದ ಹುಡುಗರ ಮನೆಯಲ್ಲೂ ಹಣ ಕಾಣೆಯಾಗುತ್ತದೆ. ಮೊಬೈಲಿನಲ್ಲಿ ರಮ್ಮಿ ಆಡಿ ಕಳೆದಿರುತ್ತಾರೆ.

ಬೆಳೆದ ಗಂಡಸು ತಾನು ದುಡಿದ ಹಣವನ್ನು ತನಗೆ ಬೇಕಾದಂತೆ ಖರ್ಚು ಮಾಡಿದರೆ ಸರ್ಕಾರಕ್ಕೇನು ಎಂದು ಕೇಳುವವರಿದ್ದಾರೆ. ಅದು ತೆಗೆದುಹಾಕುವ ಪ್ರಶ್ನೆಯಲ್ಲ. ದಿನವಿಡೀ ಕಲ್ಲು ಹೊತ್ತವನು ಸಂಜೆ ಒಂದು ಗುಟುಕು ಕುಡಿದು ಮಲಗಿದರೆ ಅವನನ್ನು ತಿದ್ದುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ಜನ ಏನು ತಿನ್ನಬೇಕು, ಏನು ಕುಡಿಯಬೇಕು, ಯಾರೊಡನೆ ಬಾಳಬೇಕು ಎಂದು ಅಧಿಕಾರದಲ್ಲಿರುವವರು ಹೇಳತೊಡಗಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಭಯ ಹೆಂಗಸರಾದ ನಮಗೆ ಗಂಡಸರಿಗಿಂತ ಹೆಚ್ಚು ಇದೆ. ನಮ್ಮ ಒಳ್ಳೆಯದಕ್ಕೇ ಎಂದು ಹೇಳಿಯೇ ಅಲ್ಲವೇ ನಮ್ಮನ್ನು ಮನೆಯೊಳಗೆ ಇಟ್ಟದ್ದು?

ಹೆಲ್ಮೆಟ್ಟಿನಂಥ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಎಲ್ಲಿಗೆ ಹೋಗಬೇಕು ಎಂದು ಅದು ಹೇಳುವುದಿಲ್ಲ, ಜೀವಂತ ತಲುಪು ಎಂದಷ್ಟೇ ಹೇಳುತ್ತದೆ. ಕುಡಿತದ ಮಾತು ಬೇರೆ. ಅಲ್ಲಿ ಮೇಲಿನಿಂದ ನಿಷೇಧ ಹೇರಿದರೆ ಏನಾಗುತ್ತದೆ ಎಂದು ನೋಡಿದ್ದೇವೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಊರೂರಿನ ಹೆಂಗಸರು ಸಂತೋಷಪಟ್ಟರು. ಆದರೆ ಸಾರಾಯಿ ಕುಡಿಯುತ್ತಿದ್ದವರು ಕುಡಿಯುವುದನ್ನು ಬಿಡಲಿಲ್ಲ. ಪಕ್ಕದ ಅಂಗಡಿಯ ಅಗ್ಗದ ವಿಸ್ಕಿಗೆ, 90 ಎಂ.ಎಲ್. ಪೊಟ್ಟಣಕ್ಕೆ ಹೋದರು. ಅದೇ ಅಮಲಿಗೆ ಹೆಚ್ಚು ಹಣ ತೆತ್ತರು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರದ ಕಡೆ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಗಡಿಯಲ್ಲಿ ಸಿ.ಎಚ್. ಪುಡಿ (ಕ್ಲೋರಲ್ ಹೈಡ್ರೇಟ್ ಎಂಬ ಅಮಲಿನ ರಾಸಾಯನಿಕ) ಬೆರೆಸಿದ ಸೇಂದಿಯ ಕಾಟ ಎಷ್ಟು ದಾಳಿ ನಡೆಸಿದರೂ ತೀರಿಲ್ಲ. ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ ಪೂರ್ಣ ಪಾನನಿಷೇಧವಿದೆ. ಅಲ್ಲಿ ಜೈಲಿಗೆ ಹೋದವರಲ್ಲಿ ಬಡವರೇ ಹೆಚ್ಚು. ನ್ಯಾಯಾಲಯಗಳಲ್ಲಿ ಜಾಮೀನು ಅರ್ಜಿಗಳು ಗುಡ್ಡೆ ಬಿದ್ದವು. ಕೊನೆಗೆ 2022ರಲ್ಲಿ ಆ ಸರ್ಕಾರವೇ ಕಾಯ್ದೆ ತಿದ್ದಿ, ಮೊದಲ ಸಲ ಸಿಕ್ಕಿಬಿದ್ದವರನ್ನು ದಂಡ ಕಟ್ಟಿಸಿಕೊಂಡು ಬಿಡಲು ಅವಕಾಶ ಮಾಡಿಕೊಂಡಿತು. ಮನೆಯ ಯಜಮಾನ ಕುಡಿದ ತಪ್ಪಿಗೆ ಜೈಲಿಗೆ ಹೋದರೆ ಜಾಮೀನಿಗೆ ಓಡಾಡುವವಳು ಹೆಂಡತಿ. ಅದಕ್ಕೂ ಸಾಲ, ಆ ಸಾಲಕ್ಕೂ ನಮ್ಮ ಸಂಘ. ಅಂಥ ಕಾನೂನು ನಮಗೆ ಬೇಡ.

ಹಾಗಾದರೆ ಸರ್ಕಾರ ಕೈಕಟ್ಟಿ ಕೂರಬೇಕೇ? ಕೈಕಟ್ಟಿ ಕೂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸರ್ಕಾರ ಮಾರುತ್ತಿದೆ. ಅಬಕಾರಿಯಿಂದ ಇಷ್ಟು ಬರಬೇಕು ಎಂದು ಪ್ರತಿ ವರ್ಷ ಬಜೆಟ್‌ನಲ್ಲಿ ಗುರಿ ಇಡುತ್ತೀರಿ. 2023-24ರಲ್ಲಿ 36,000 ಕೋಟಿ, 2024-25ರಲ್ಲಿ 38,525 ಕೋಟಿ, 2025-26ರಲ್ಲಿ 40,000 ಕೋಟಿ ರೂಪಾಯಿ. ರಾಜ್ಯದ ಸ್ವಂತ ತೆರಿಗೆಗಳಲ್ಲಿ ವಾಣಿಜ್ಯ ತೆರಿಗೆಯ ನಂತರ ಇದೇ ದೊಡ್ಡದು. ಗೃಹಲಕ್ಷ್ಮಿ ಯೋಜನೆಗೆ 2025-26ರಲ್ಲಿ ಇಟ್ಟದ್ದು 28,608 ಕೋಟಿ. ಗೃಹಲಕ್ಷ್ಮಿಯ ಹಣ ನಮ್ಮ ಸಂಘದ ಎಷ್ಟೋ ಹೆಂಗಸರನ್ನು ಎತ್ತಿ ನಿಲ್ಲಿಸಿದೆ, ಅದಕ್ಕೆ ನಾನು ಕೃತಜ್ಞಳು. ಆದರೆ ಈ ಎರಡು ಮೊತ್ತಗಳು ಬೇರೆ ಬೇರೆ ಪುಟದಲ್ಲಿದ್ದರೂ ನನ್ನ ಪುಸ್ತಕದಲ್ಲಿ ಒಂದೇ ಮನೆಯ ಹೆಸರಿನ ಮುಂದೆ ಬರುತ್ತವೆ.

ಮದ್ಯವನ್ನು ಸಗಟಾಗಿ ಹಂಚುವುದು ಸರ್ಕಾರದ್ದೇ ಪಾನೀಯ ನಿಗಮ. ಚಿಲ್ಲರೆಯಲ್ಲಿ ಮಾರುವವರಲ್ಲೂ ಸರ್ಕಾರದ ಎಂಎಸ್‌ಐಎಲ್ ಇದೆ. ಶಾಲಾ ಮಕ್ಕಳಿಗೆ ನೋಟ್‌ಬುಕ್ ಮಾರುವ ಸಂಸ್ಥೆಯೇ ಅದು. 2023ರ ಜುಲೈಯಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಸುಂಕವನ್ನು ಎಲ್ಲ ಹಂತಗಳಿಗೂ ಶೇ 20ರಷ್ಟು ಏರಿಸಿದಿರಿ. ಮರುವರ್ಷ ಆಗಸ್ಟ್‌ನಲ್ಲಿ, ನೆರೆ ರಾಜ್ಯಗಳಿಗೆ ಗಿರಾಕಿ ಹೋಗಬಾರದೆಂದು, ದುಬಾರಿ ಮದ್ಯದ ಸುಂಕವನ್ನು ಇಳಿಸಿದಿರಿ. ಕೂಲಿಯವನ ಪೊಟ್ಟಣಕ್ಕೆ ಆ ಇಳಿಕೆ ಇರಲಿಲ್ಲ. ಬೆಲೆ ಏರಿಸುವುದು ಜನರ ಆರೋಗ್ಯಕ್ಕಾಗಿ ಎಂದು ಹೇಳುವುದಿದ್ದರೆ, ಈ ಇಳಿಕೆಗೆ ಏನು ಹೇಳುತ್ತೀರಿ? 2023ರಲ್ಲೇ ದೊಡ್ಡ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಮದ್ಯದಂಗಡಿ ತೆರೆಯುವ ಪ್ರಸ್ತಾವ ಹೊರಬಂದಿತ್ತು. ವಿರೋಧ ಬಂದ ಮೇಲೆ ಹಿಂದೆ ಸರಿದಿರಿ. ಆ ಪ್ರಸ್ತಾವ ಬರೆದವರು ಯಾವ ಊರಿನ ಯಾರನ್ನು ಕೇಳಿ ಬರೆದಿದ್ದರು?

ಆಯ್ಕೆ ಎಂದು ಎಲ್ಲರೂ ಮಾತಾಡುತ್ತೇವಲ್ಲ, ಕುಡಿತಕ್ಕೆ ಸಿಕ್ಕ ಮನುಷ್ಯನೊಳಗೆ ಅದು ಹೇಗಿರುತ್ತದೆ ಎಂದು ಹೇಳುತ್ತೇನೆ. ಕಾರ್ತಿಕದಲ್ಲಿ ನಮ್ಮ ಊರಿನ ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ವರ್ಷವಿಡೀ ಕುಡಿದವನು ಆ ದಿನಗಳಲ್ಲಿ ಒಂದು ಹನಿ ಮುಟ್ಟುವುದಿಲ್ಲ. ನಸುಕಿನಲ್ಲಿ ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಬರಿಗಾಲು. ಹೆಂಡತಿ ಮಕ್ಕಳು ಆ ದಿನಗಳನ್ನು ಹಬ್ಬದಂತೆ ಕಳೆಯುತ್ತಾರೆ. ಮಾಲೆ ತೆಗೆದ ವಾರದೊಳಗೆ ಕೆಲವರು ಮತ್ತೆ ಅಂಗಡಿಯ ಮುಂದೆ ಇರುತ್ತಾರೆ. ಇವರಲ್ಲಿ ನಿಜವಾದ ಮನುಷ್ಯ ಯಾರು, ಮಾಲೆ ಹಾಕಿದವನೋ ತೆಗೆದವನೋ? ಇಬ್ಬರೂ ಅವನೇ. ಕುಡಿಯಬೇಕೆನ್ನುವುದೂ ಅವನ ಇಚ್ಛೆ, ಬಿಡಬೇಕೆನ್ನುವುದೂ ಅವನ ಇಚ್ಛೆ. ತನ್ನನ್ನು ತನ್ನಿಂದ ಕಾಪಾಡಿಕೊಳ್ಳಲು ಅವನೇ ಕಟ್ಟು ಹಾಕಿಕೊಂಡಿದ್ದ, ಊರು ಅದನ್ನು ಗೌರವಿಸಿತ್ತು. ಅವನನ್ನು ‘ಸ್ವಾಮಿ’ ಎಂದು ಕರೆದು, ಅವನ ಮುಂದೆ ಯಾರೂ ಬಾಟಲಿ ತೆಗೆಯುತ್ತಿರಲಿಲ್ಲ.

ಇಳಕಲ್ ನಮಗೆ ದೂರವಲ್ಲ. ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ, ಊರೂರಿಗೆ ಹೋಗುತ್ತಿದ್ದರು. ಕಾಸು ಕಾಳು ಕೇಳುತ್ತಿರಲಿಲ್ಲ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಬೇಡುತ್ತಿದ್ದರು. ಬೀಡಿ ಕಟ್ಟು, ಗುಟ್ಕಾ ಚೀಟಿ, ಬಾಟಲಿಗಳು ಆ ಜೋಳಿಗೆಗೆ ಬಿದ್ದವು. ಪೊಲೀಸರಿಲ್ಲ, ದಂಡವಿಲ್ಲ, ಬೈಗುಳವಿಲ್ಲ. ಸಾವಿರಾರು ಜನ ಬಿಟ್ಟರು. ಮತ್ತೆ ಹಿಡಿದವರೂ ಇದ್ದರು, ಅವರ ಮುಂದೆಯೂ ಜೋಳಿಗೆ ಮತ್ತೆ ಚಾಚಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ದಿನ ಶಾಲೆಯಲ್ಲಿ ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ. ಮರುದಿನ ಅದೇ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಚಹಾದಂಗಡಿಯಲ್ಲಿ ಮದ್ಯದ ಪೊಟ್ಟಣ ಮಾರುವುದನ್ನು ನೋಡುತ್ತಾರೆ. ಸ್ವಾಮೀಜಿಯ ಹೆಸರು ಹೇಳುವ ಅಧಿಕಾರ ಬೇಕಿದ್ದರೆ, ಆ ಪೊಟ್ಟಣವನ್ನು ಅಲ್ಲಿಂದ ತೆಗೆಸಿ ಎಂದು ನಾನು ಕೇಳುತ್ತೇನೆ.

ಚಹಾದಂಗಡಿಯ ವಿಷಯ ಬಂತು, ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ಸನ್ನದು ಇರುವುದು ಹೋಬಳಿಯ ಅಂಗಡಿಗೆ. ಅಲ್ಲಿಂದ ಪೆಟ್ಟಿಗೆಗಟ್ಟಲೆ ಮದ್ಯ ಮೋಟರ್ ಸೈಕಲ್ ಮೇಲೆ ಹಳ್ಳಿಗೆ ಬರುತ್ತದೆ. ಕಿರಾಣಿ ಅಂಗಡಿ, ಚಹಾದಂಗಡಿ, ಕೆಲವು ಮನೆಗಳಲ್ಲಿ ಮುದ್ರಿತ ಬೆಲೆಗಿಂತ ಹತ್ತು ಇಪ್ಪತ್ತು ರೂಪಾಯಿ ಹೆಚ್ಚಿಗೆ ಮಾರಾಟ. ಕೈಯಲ್ಲಿ ಕಾಸಿಲ್ಲದಿದ್ದರೆ ಉದ್ರಿ ಸಿಗುತ್ತದೆ, ಸುಗ್ಗಿಯಲ್ಲಿ ಜೋಳ ಅಳೆದು ತೀರಿಸಬೇಕು. ನಸುಕಿನಲ್ಲೂ ಸಿಗುತ್ತದೆ. ಹೋಬಳಿಗೆ ನಡೆದು ಹೋಗಬೇಕಾಗಿದ್ದಾಗ ಸೋಮಾರಿತನದಿಂದಾದರೂ ಕೆಲವರು ಒಂದು ದಿನ ಬಿಡುತ್ತಿದ್ದರು. ಈಗ ಹಾಲು ತರಲು ಹೋದವನು ಮದ್ಯದೊಡನೆ ಮರಳುತ್ತಾನೆ. ಇದು 1965ರ ಅಬಕಾರಿ ಕಾಯ್ದೆಯ ಪ್ರಕಾರವೇ ಅಪರಾಧ. ಹೊಸ ಕಾನೂನೇ ಬೇಕಿಲ್ಲ. ದೂರು ಕೊಟ್ಟರೆ ಒಂದು ದಿನ ದಾಳಿ ಆಗುತ್ತದೆ, ದಾಳಿಗೆ ಮುಂಚೆ ಸುದ್ದಿ ಬಂದಿರುತ್ತದೆ, ದೂರು ಕೊಟ್ಟವಳ ಹೆಸರೂ ಊರಿಗೆ ತಿಳಿದಿರುತ್ತದೆ. ಮಾರಾಟ ಹೆಚ್ಚಿದಷ್ಟೂ ಗುರಿ ಮುಟ್ಟುವ ಇಲಾಖೆಗೇ ಅಕ್ರಮ ಮಾರಾಟ ತಡೆಯುವ ಕೆಲಸವನ್ನೂ ಕೊಟ್ಟಿದ್ದೀರಿ. ಅಲ್ಲಿನ ಅಧಿಕಾರಿಗಳು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಎರಡು ಕೆಲಸ ಒಟ್ಟಿಗೆ ನಡೆಯುವುದಿಲ್ಲ.

2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದದ್ದು ನಿಮಗೆ ನೆನಪಿರಬೇಕು. ಸಾವಿರಾರು ಮಂದಿ, ಹೆಚ್ಚಿನವರು ನಮ್ಮ ಕಡೆಯ ಬಡ ಕೂಲಿಯವರು. ಗಂಡಸರ ಮೇಲೆ ಸೇಡು ತೀರಿಸಿಕೊಳ್ಳಲು ಅವರು ಅಷ್ಟು ದೂರ ನಡೆಯಲಿಲ್ಲ. ಅವರ ಮುಖ್ಯ ಬೇಡಿಕೆ ಮದ್ಯ ನಿಷೇಧ. ತಮ್ಮ ಊರಿನಲ್ಲಿ ಏನು ಮಾರಬೇಕು ಎಂದು ಹೇಳುವ ಅಧಿಕಾರ ತಮಗಿರಲಿ ಎಂದೂ ಆ ಆಂದೋಲನ ಕೇಳಿದೆ.

ಆನ್‌ಲೈನ್ ಜೂಜಿನ ವಿಷಯದಲ್ಲಿ ಏನಾಯಿತು ನೋಡಿ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಬೇರೆ ಕಾಯ್ದೆ ಮಾಡಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೂ ಶಿಕ್ಷೆ, ಹಣ ಸಾಗಿಸುವ ಬ್ಯಾಂಕುಗಳಿಗೂ ತಡೆ. ಆಡುವವನಿಗೆ ಶಿಕ್ಷೆಯಿಲ್ಲ. ಈ ಕಾಯ್ದೆಯನ್ನು ಕಂಪನಿಗಳು ಪ್ರಶ್ನಿಸಿವೆ, ನ್ಯಾಯಾಲಯ ಏನು ಹೇಳುತ್ತದೋ ಹೇಳಲಿ. ಆದರೆ ಸೋತ ಹುಡುಗನನ್ನು ಅಪರಾಧಿ ಮಾಡದೆ, ಅವನು ಸೋತಷ್ಟೂ ಗಳಿಸುವವನನ್ನು ಹಿಡಿಯಬೇಕು ಎಂಬ ಆ ದಾರಿ ಸರಿಯಾದದ್ದು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೇ ಇಂಥ ಕಂಪನಿಯ ಹೆಸರಿತ್ತು. ಅದನ್ನು ನೋಡಿ ಬೆಳೆದ ಹದಿನೆಂಟರ ಹುಡುಗ ಮೊಬೈಲ್ ಒತ್ತಿದರೆ, ಅದು ಅವನೊಬ್ಬನ ನಿರ್ಧಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಂಗಳೂರಿನ ನಮ್ಮ ಪ್ರೀತಿಯ ಐಪಿಎಲ್ ತಂಡಕ್ಕೆ ಅದರ ಹೆಸರು ಬಂದದ್ದೂ ವಿಸ್ಕಿಯೊಂದರಿಂದಲೇ. ಮದ್ಯದ ಜಾಹೀರಾತು ನಿಷಿದ್ಧವಾಗಿರುವ ದೇಶದಲ್ಲಿ ನಮ್ಮ ಮಕ್ಕಳು ಆ ಹೆಸರನ್ನು ಬೀದಿಯಲ್ಲಿ ಕೂಗುತ್ತಾರೆ.

ಮದ್ಯದ ವಿಷಯದಲ್ಲೂ ಇದೇ ದಾರಿ ಹಿಡಿಯಲು ಯಾವ ಕಾನೂನು ಅಡ್ಡ ಬರುತ್ತದೆ? 1994ರಲ್ಲಿ ಖೋಡೇ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮದ್ಯದ ವ್ಯಾಪಾರ ನಡೆಸುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದಿತು. 2017ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದಿತು. ಎರಡೂ ಪ್ರಕರಣ ಹೊರಟದ್ದು ನಮ್ಮ ನೆಲದಿಂದ. ನಾನು ವಕೀಲೆಯಲ್ಲ, ಆದರೆ ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ನನಗೆ ಕಾಣುವುದು ಇಷ್ಟು: ಮನೆಯೊಳಗಿನ ಮನುಷ್ಯನ ಮೇಲೆ ನಿಮ್ಮ ಕೈ ಮೆಲ್ಲಗೆ ಇರಬೇಕು, ಮಾರುವವನ ಮೇಲೆ ಎಷ್ಟು ಬಿಗಿಯಾದರೂ ಇರಬಹುದು. ಮಾದಕ ಪಾನೀಯಗಳನ್ನು ತಡೆಯಲು ರಾಜ್ಯ ಯತ್ನಿಸಬೇಕು ಎಂದು ಸಂವಿಧಾನದ 47ನೆಯ ವಿಧಿಯೂ ಹೇಳುತ್ತದೆ. ಇವತ್ತು ನಡೆಯುತ್ತಿರುವುದು ತಿರುಗುಮುರುಗಾಗಿ. ದಾರಿಯಲ್ಲಿ ಬಿದ್ದವನಿಗೆ ಲಾಠಿ, ಅವನನ್ನು ಬೀಳಿಸಿದ ಅಂಗಡಿಗೆ ಸನ್ನದಿನ ನವೀಕರಣ.

ಇನ್ನೊಂದು ವಿಷಯವನ್ನು ತಾವು ಗಮನವಿಟ್ಟು ಓದಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಸಂಜೆಯೊಳಗೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹೋಗುತ್ತದೆ. ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಚೀರುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಮನೆಯವರು ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತಾರೆ, ಇಲ್ಲವೇ ಹೆದರಿ ತಾವೇ ಒಂದು ಪೊಟ್ಟಣ ತಂದು ಕುಡಿಸುತ್ತಾರೆ. ಕುಡಿದ ಕೂಡಲೇ ನಡುಕ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಆ ಮನುಷ್ಯ ಕೈ ಚಾಚುವುದನ್ನು ಯಾವ ಸ್ವಾತಂತ್ರ್ಯದ ಹೆಸರಿನಲ್ಲಿ ಕರೆಯುತ್ತೀರಿ? ಅವನಿಗೆ ಬೇಕಾದದ್ದು ಕೆಲವು ದಿನಗಳ ಹಾಸಿಗೆ, ಬಿ1 ಜೀವಸತ್ವದ ಚುಚ್ಚುಮದ್ದು, ನಡುಕ ತಡೆಯುವ ಮಾತ್ರೆ, ಪಕ್ಕದಲ್ಲಿ ತಿಳಿದ ನರ್ಸ್. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಆದರೆ ನಮ್ಮ ಕಡೆಯವರು ಇಷ್ಟಕ್ಕಾಗಿ ಜಿಲ್ಲಾ ಕೇಂದ್ರಕ್ಕೋ ಧಾರವಾಡಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಹೋಗುವ ಹಣವಿದ್ದರೆ ನನ್ನ ಪುಸ್ತಕದಲ್ಲಿ ಕಂತು ತಪ್ಪುತ್ತಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಅಂಗಡಿಗಳು ಮುಚ್ಚಿದ್ದವು. ಅಷ್ಟು ಜನ ಒಟ್ಟಿಗೆ ಕುಡಿತ ನಿಲ್ಲಿಸಿದ ಬೇರೆ ಕಾಲವನ್ನು ನಾನು ಕಂಡಿಲ್ಲ. ಆ ವಾರಗಳಲ್ಲಿ ಅವರ ಕೈ ಹಿಡಿಯಲು ವೈದ್ಯರನ್ನು ಕಳಿಸುವ ಯೋಚನೆ ಸರ್ಕಾರಕ್ಕೆ ಬಂದಿದ್ದರೆ ಎಷ್ಟೋ ಮನೆಗಳು ಬದಲಾಗುತ್ತಿದ್ದವು. ಬಂದದ್ದು ಅಂಗಡಿ ತೆರೆಯುವ ದಿನಾಂಕ ಮಾತ್ರ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಆ ಬಳ್ಳಾರಿ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಪಕ್ಕದ ಜಿಲ್ಲೆ. ಅಬಕಾರಿಯ ಪ್ರತಿ ನೂರು ರೂಪಾಯಿಯಲ್ಲಿ ಎರಡು ರೂಪಾಯಿಯನ್ನು ಎತ್ತಿಟ್ಟರೆ ವರ್ಷಕ್ಕೆ 800 ಕೋಟಿ ಆಗುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವ್ಯಸನಮುಕ್ತಿ ವಾರ್ಡ್ ನಡೆಸಲು ಅಷ್ಟು ಸಾಲದೇ? ಆ ಹಣವನ್ನು ಬೇರೆ ಯೋಜನೆಗೆ ತಿರುಗಿಸಲಾಗದಂತೆ ಕಾನೂನಿನಲ್ಲೇ ಬರೆಯಿರಿ. ಕುಡಿದವನ ಹಣವೇ ಅದು, ಅವನ ಚಿಕಿತ್ಸೆಗೆ ಮರಳುವುದರಲ್ಲಿ ದಾನವೇನೂ ಇಲ್ಲ.

ಜೊತೆಗೆ, ಊರಿನಲ್ಲಿ ಅಂಗಡಿ ಇರಬೇಕೇ ಬೇಡವೇ ಎಂದು ಊರನ್ನು ಕೇಳಿ. ಮಹಾರಾಷ್ಟ್ರದಲ್ಲಿ ಈ ಪದ್ಧತಿ ಬಹಳ ವರ್ಷಗಳಿಂದ ಇದೆ. ಊರಿನ ಮಹಿಳಾ ಮತದಾರರಲ್ಲಿ ಕಾಲು ಭಾಗದಷ್ಟು ಮಂದಿ ಸಹಿ ಮಾಡಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಮತ್ತು ಅಡ್ಡ ಬಿದ್ದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮತ ಅಡ್ಡ ಬಾಟಲಿಗೆ ಬಿದ್ದರೆ ಅಂಗಡಿ ಮುಚ್ಚಬೇಕು. ಓದು ಬಾರದ ಅಜ್ಜಿಗೂ ಅರ್ಥವಾಗುವ ಮತಪತ್ರ ಅದು. ನಮ್ಮಲ್ಲಿ ಗ್ರಾಮಸಭೆ ಠರಾವು ಮಾಡಿ ಕಳಿಸಿದರೂ ಅಬಕಾರಿ ಕಚೇರಿ ಅದಕ್ಕೆ ಬದ್ಧವಲ್ಲ. ಅಬಕಾರಿ ಕಾಯ್ದೆಗೂ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೂ ಒಂದೊಂದು ತಿದ್ದುಪಡಿ ತಂದರೆ ಇದು ಇಲ್ಲಿಯೂ ಆಗುತ್ತದೆ. ಕಿರಾಣಿ ಅಂಗಡಿಯ ಅಕ್ರಮ ಮಾರಾಟದ ಹೊಣೆಯನ್ನು, ಪೆಟ್ಟಿಗೆ ಹೊರಟ ಸನ್ನದುದಾರನ ಮೇಲೂ ಹೊರಿಸಿ. ಪ್ರತಿ ಪೊಟ್ಟಣದ ಮೇಲೆ ಅಬಕಾರಿ ಚೀಟಿ ಇರುತ್ತದೆ. ಅದನ್ನು ಹಿಡಿದು ಅಂಗಡಿಯವರೆಗೆ ಹೋಗುವ ಮನಸ್ಸು ಮಾಡಿ. ಎರಡನೆಯ ಸಲ ಸಿಕ್ಕರೆ ಸನ್ನದು ಹೋಗಲಿ.

ಕುಡಿಯುವವನ ಪರವಾಗಿ ಮಾತಾಡುವವರು ನನ್ನ ಮೇಲೆ ಸಿಟ್ಟಾಗಬೇಕಿಲ್ಲ. ನಗರದ ಹೋಟೆಲಿನಲ್ಲಿ ಗೆಳೆಯರೊಡನೆ ಕುಡಿಯುವವರ ಸಂಜೆಗೆ ನಾನು ಕೈ ಹಾಕುತ್ತಿಲ್ಲ. ಹೋಬಳಿಗೆ ಹೋಗಿ ಕುಡಿಯುವ ನಮ್ಮೂರ ಗಂಡಸರಿಗೂ ಯಾರೂ ಅಡ್ಡ ನಿಲ್ಲುವುದಿಲ್ಲ. ಅವರ ಸ್ವಾತಂತ್ರ್ಯದ ಹೆಸರು ಹೇಳಿಕೊಂಡು ಅವರ ಮನೆಯ ಬಾಗಿಲಿಗೇ ಬಂದು ನಿಂತ ವ್ಯಾಪಾರ ಇದೆಯಲ್ಲ, ನನ್ನ ಜಗಳ ಅದರೊಡನೆ.

ನಮ್ಮ ಊರಿನಲ್ಲಿ ಅಂಥ ಮತದಾನ ನಡೆದು ನಿಂತ ಬಾಟಲಿಯೇ ಗೆದ್ದರೆ ನಮ್ಮ ಸಂಘದ ಹೆಂಗಸರು ಅದನ್ನು ಒಪ್ಪಿಕೊಳ್ಳುತ್ತೇವೆ. ಈ ಮಾತನ್ನು ಸಭೆಯಲ್ಲಿ ಚರ್ಚೆ ಮಾಡಿಯೇ ಬರೆಯುತ್ತಿದ್ದೇನೆ. ಸೋತರೆ ಸುಮ್ಮನಿರಬೇಕಾಗುತ್ತದೆಯಲ್ಲ ಎಂದು ಒಬ್ಬರು ಕೇಳಿದರು, ಹೌದು, ಮುಂದಿನ ಮತದಾನದವರೆಗೆ ಎಂದು ಉಳಿದವರು ಹೇಳಿದರು. ಮುಂದಿನ ಅಧಿವೇಶನದಲ್ಲಿ ಈ ತಿದ್ದುಪಡಿಯನ್ನು ಮಂಡಿಸುವ ಶಾಸಕರು ಯಾವ ಪಕ್ಷದವರಾದರೂ ಸರಿ, ಸಹಿ ಸಂಗ್ರಹಿಸಿ ಕೊಡುವ ಕೆಲಸ ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಮಹಿಳಾ ಸ್ವಸಹಾಯ ಸಂಘವೊಂದರ ಲೆಕ್ಕ ಬರೆಯುವವಳು,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ